ಬಾಡಿಗೆ ಕಾರು, ನಮ್ಮ ಕಾಕಾ ಮತ್ತು ಒಂದು ಹಂಚು: ಮಂಗಳೂರಿನಲ್ಲಿ ಎರಡು ದಿನ

ಹಾವೇರಿ ಜಿಲ್ಲೆಯ ನಮ್ಮ ಗೆಳೆಯನ ಮನೆಗೆ ಕೆಂಪು ಹಂಚಿನ ಮಾಡು. ಪಡಸಾಲೆಯಲ್ಲಿ ಅಂಗಾತ ಮಲಗಿದರೆ ಹಂಚಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಮನೆಯವರೆಲ್ಲ ದಿನಾ ರಾತ್ರಿ ಅವನ್ನು ನೋಡುತ್ತಲೇ ಮಲಗಿದವರು. ಓದಿದವರು ಯಾರೂ ಇರಲಿಲ್ಲ.

ಈ ವರ್ಷ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವ ಮಾತು ಬಂತು. ಮೊದಲಿಗೆ ದನದ ಕೊಟ್ಟಿಗೆಯ ಹಂಚು ಇಳಿಸಿದರು. ಗೆಳೆಯನ ಅಪ್ಪ, ನಾವೆಲ್ಲ ಕಾಕಾ ಎನ್ನುತ್ತೇವೆ, ಒಂದು ಹಂಚನ್ನು ಲುಂಗಿಯ ಅಂಚಿನಿಂದ ಒರೆಸಿ ನಮ್ಮ ಮುಂದೆ ಹಿಡಿದರು.

"ನೀವು ಪೇಪರ್‌ನ್ಯಾವ್ರು. ಇದ್ರಾಗ ಏನ್ ಬರದೈತಿ ಓದ್ರಿ."

ಓದಿದೆವು. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಕಾಕಾ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು. ಸುತ್ತಲಿನ ಹತ್ತಾರು ಊರಲ್ಲಿ ಅವರು ಹೊದಿಸಿದ ಹಂಚಿನ ಮಾಡುಗಳಿವೆ. ಆ ಹಂಚನ್ನು ಎಲ್ಲರೂ ಮಂಗಳೂರು ಹಂಚು ಎಂದೇ ಕರೆಯುವುದು. ಆದರೆ ಕಾಕಾ ಮಂಗಳೂರು ನೋಡಿರಲಿಲ್ಲ. "ಮನಿ ಕೆಡವೂದರೊಳಗ ಒಮ್ಮೆ ಆ ಊರು ತೋರಸ್ರಪಾ" ಅಂದರು. ಹಾಗೆ ಹೊರಟದ್ದು ನಾವು.

ಬಿಳಿ ಬೋರ್ಡು, ಕಪ್ಪು ಬೋರ್ಡು

ಸ್ಟ್ರಿಂಗರ್‌ಗಳಿಗೆ ರಜೆ ಎಂಬುದಿಲ್ಲ. ಸುದ್ದಿ ಕಳಿಸದ ದಿನವೇ ರಜೆ, ಆ ದಿನದ ದುಡ್ಡೂ ಇಲ್ಲ. ಹಾಗೆ ಎರಡು ದಿನ ಕೈಬಿಟ್ಟು, ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಇಳಿದೆವು. ನಾವು ಮೂವರು, ಜೊತೆಗೆ ಕಾಕಾ. ಅವರಿಗೆ ಮೊಣಕಾಲು ನೋವು. ಸಿಟಿ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯುವುದು ಆಗದು. ಅದಕ್ಕೇ ಬಾಡಿಗೆ ಕಾರು.

ಫೋನಿನಲ್ಲಿ ಮೊದಲು ಸಿಕ್ಕವನು ಕಡಿಮೆ ಬಾಡಿಗೆ ಹೇಳಿದ. ಹೋಗಿ ನೋಡಿದರೆ ಬಿಳಿ ಬೋರ್ಡಿನ ಗಾಡಿ, ಅಂದರೆ ಸ್ವಂತ ಬಳಕೆಯದು. "ಯಾರಾದರೂ ಕೇಳಿದರೆ ಫ್ರೆಂಡ್ ಕಾರು ಅನ್ನಿ" ಎಂದ. ನಾವು ಕೈಮುಗಿದು ಬಂದೆವು.

ಇದನ್ನು ನಮ್ಮ ಊರುಗಳ ಓದುಗರು ಗಮನಿಸಬೇಕು. ಬಾಡಿಗೆಗೆ ಓಡುವ ಗಾಡಿಗೆ ಪರ್ಮಿಟ್ ಬೇಕು. ಡ್ರೈವರ್ ಸಮೇತ ಬರುವ ಟ್ಯಾಕ್ಸಿಗೆ ಹಳದಿ ಬೋರ್ಡು, ಕಪ್ಪು ಅಕ್ಷರ. ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. 1988ರ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಬಂದ 'ರೆಂಟ್ ಎ ಕ್ಯಾಬ್' ಯೋಜನೆ ಇದಕ್ಕೆ ದಾರಿ ಮಾಡಿತು. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ತಂದು ಅಪಘಾತವಾದರೆ ವಿಮೆಯವರು ಕೈಯೆತ್ತಬಹುದು. ದಿನಕ್ಕೆ ಐನೂರು ಉಳಿಸಲು ಹೋಗಿ ಹೊಲ ಮಾರುವ ಕೆಲಸ ಅದು.

ಕೊನೆಗೆ ಕಪ್ಪು ಬೋರ್ಡಿನ ಸಣ್ಣ ಕಾರೊಂದು ಸಿಕ್ಕಿತು. ಲೈಸೆನ್ಸ್ ತೋರಿಸಿ, ಡಿಪಾಸಿಟ್ ಕಟ್ಟಿದೆವು. ಕೀಲಿ ತೆಗೆದುಕೊಳ್ಳುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದು ಫೋನಿನಲ್ಲಿ ವಿಡಿಯೋ ಮಾಡಿದೆವು. ಹಳೇ ಗೀರು, ಟೈರು, ಸ್ಟೆಪ್ನಿ, ಪೆಟ್ರೋಲ್ ಮುಳ್ಳು, ಎಲ್ಲ. ಇದು ಆಮೇಲೆ ಕೆಲಸಕ್ಕೆ ಬಂತು.

ಗುಡ್ಡ ಹತ್ತಿದ ರೈತರು

ಹಂಪನಕಟ್ಟೆಯ ಒನ್‌ವೇಗಳಲ್ಲಿ ಎರಡು ಸಲ ದಾರಿ ತಪ್ಪಿ, ಮೂರನೇ ಸಲಕ್ಕೆ ಬಾವುಟಗುಡ್ಡ ಹತ್ತಿದೆವು. ಇಂಗ್ಲಿಷಿನಲ್ಲಿ ಲೈಟ್‌ಹೌಸ್ ಹಿಲ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ತೆಂಗಿನ ಗರಿಗಳ ಆಚೆ ಸಮುದ್ರ.

1837ರ ಏಪ್ರಿಲ್ 5ರಂದು ಈ ಗುಡ್ಡದ ಮೇಲೆ ಹಳ್ಳಿಯವರ ಬಾವುಟ ಹಾರಿತು. ಹಾರಿಸಿದವರು ಸುಳ್ಯ, ಪುತ್ತೂರು, ಕೊಡಗಿನ ಕಡೆಯ ರೈತರು ಮತ್ತು ಅವರ ಜೊತೆ ಬಂದವರು. ಇತಿಹಾಸದ ಪುಸ್ತಕದಲ್ಲಿ ಅದು ಅಮರ ಸುಳ್ಯ ದಂಗೆ. ಜನರ ಬಾಯಲ್ಲಿ ಕಲ್ಯಾಣಪ್ಪನ ಕಾಟಕಾಯಿ.

ಕಾರಣ ಕಂದಾಯ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಅರಸನನ್ನು ಇಳಿಸಿತು. ಆವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮೊದಲು ಬೆಳೆದದ್ದರಲ್ಲೇ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಕೊಡಬೇಕಾಯಿತು. ಕಣದಲ್ಲಿ ಭತ್ತ ಇದೆ, ಕೈಯಲ್ಲಿ ದುಡ್ಡಿಲ್ಲ. ದುಡ್ಡಿಗಾಗಿ ವ್ಯಾಪಾರಿಯ ಬಾಗಿಲಿಗೆ ಹೋಗಬೇಕು, ಅವನು ಹೇಳಿದ ದರಕ್ಕೆ ಮಾರಬೇಕು. ಇದು ನಮಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಆ ಜನ ಘಟ್ಟದ ಬುಡದಿಂದ ಹೊರಟು, ದಾರಿಯುದ್ದಕ್ಕೂ ಜನ ಕೂಡುತ್ತಾ ಮಂಗಳೂರಿಗೆ ಬಂದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿನ ಕಡೆ ಹೋದರು. ಸುಮಾರು ಎರಡು ವಾರ ಊರು ರೈತರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನಿಂದ ಸೇನೆ ಬಂತು. ದಂಗೆ ಮುರಿಯಿತು. ಸಿಕ್ಕವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 2022ರಲ್ಲಿ ಈ ಗುಡ್ಡದ ಮೇಲೆ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು.

ಕಾಕಾ ಪ್ರತಿಮೆಯನ್ನು ಬಹಳ ಹೊತ್ತು ನೋಡಿದರು. "ಇವ್ರು ಇಲ್ಲೀತನಕ ನಡಕೊಂತ ಬಂದ್ರು, ನಾ ಕಾರಿನ್ಯಾಗ ಬಂದೆ" ಅಂದರು.

ನಮ್ಮ ಕಸುಬಿನ ತವರು

ಬಾವುಟಗುಡ್ಡದಿಂದ ಬಲ್ಮಠ ದೂರವಿಲ್ಲ. ಪತ್ರಿಕೋದ್ಯಮ ಓದಿದ ನಮಗೆ ಇದು ತವರುಮನೆ ಇದ್ದ ಹಾಗೆ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದದ್ದು ಈ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. ಸಂಪಾದಕ ಹರ್ಮನ್ ಮೋಗ್ಲಿಂಗ್, ಜರ್ಮನ್ ಪಾದ್ರಿ. ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಕ್ಕೊಮ್ಮೆ ಹಂಚುತ್ತಿದ್ದರು. ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ನಾವು ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು, ತಾಲ್ಲೂಕು ಭವನದಲ್ಲಿ ಶಾಲು ಹೊದಿಸಿಕೊಳ್ಳುವುದು, ಎಲ್ಲ ಇದರ ನೆನಪಿಗೆ.

ಇದೇ ಮುದ್ರಣಾಲಯದಲ್ಲಿ 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಮಿಷನ್ನಿನವರು ಬಂದದ್ದು ಧರ್ಮ ಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಅವರ ಜೊತೆ ಬಂದ ಅಚ್ಚುಮೊಳೆ ಮಾತ್ರ ಎಲ್ಲರದೂ ಆಯಿತು.

ಕಾಕಾ ಕಾರಿನಲ್ಲೇ ಕೂತಿದ್ದರು. ಒಳಗೆ ಬಂದು, "ಹಂಗಾದ್ರ ಪೇಪರ್ ಮಾಡಿದಾವ್ರೂ ಅವ್ರ, ಹಂಚು ಮಾಡಿದಾವ್ರೂ ಅವ್ರ?" ಎಂದು ಕೇಳಿದರು. ಹೌದು ಅಂದೆವು. "ಅಂದ್ರ ನೀವೂ ನಾನೂ ಒಂದ ಕಂಪನಿಯಾವ್ರು" ಎಂದು ನಕ್ಕರು.

ದೋಣಿಗೆ ನೇರ, ಕಾರಿಗೆ ಸುತ್ತು

ಮಧ್ಯಾಹ್ನ ಗಂಜಿ ಊಟ ಮುಗಿಸಿ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಗುರುಪುರ ನದಿಯ ದಂಡೆಯಲ್ಲಿ ಕಲ್ಲಿನ ಕಾವಲು ಬುರುಜು. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. ನದಿಯೊಳಗೆ ಇಂಗ್ಲಿಷರ ಯುದ್ಧದ ಹಡಗು ಬಾರದಿರಲಿ ಎಂಬುದು ಉದ್ದೇಶ. ಗೋಡೆಯಲ್ಲಿ ತೋಪಿನ ಕಿಂಡಿಗಳು, ಕೆಳಗೆ ಮದ್ದು ಇಡುವ ನೆಲಮಾಳಿಗೆ.

1784 ಈ ಊರಿಗೆ ಭಾರವಾದ ವರ್ಷ. ಜನವರಿಯಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಕೋಟೆಯ ಇಂಗ್ಲಿಷ್ ಸೇನೆ ಟಿಪ್ಪುವಿಗೆ ಶರಣಾಯಿತು. ಫೆಬ್ರವರಿಯಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಬಹಳ ಜನ ಮರಳಲಿಲ್ಲ. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು, ಎರಡನೇ ಮೈಸೂರು ಯುದ್ಧ ಮುಗಿಯಿತು. ಒಂದೇ ವರ್ಷ ಒಬ್ಬರಿಗೆ ಗೆಲುವು, ಇನ್ನೊಬ್ಬರಿಗೆ ಕಣ್ಣೀರು. ಎರಡನ್ನೂ ಹೇಳದಿದ್ದರೆ ಅದು ಇತಿಹಾಸವಾಗುವುದಿಲ್ಲ.

ಬುರುಜಿನ ಎದುರು, ನದಿಯಾಚೆ ತಣ್ಣೀರುಬಾವಿ ಕಾಣುತ್ತದೆ. ಕಡಲತೀರ ಅಲ್ಲೇ. ದೋಣಿಯಲ್ಲಿ ಕೆಲವೇ ನಿಮಿಷ. ನಮ್ಮ ಹತ್ತಿರ ಕಾರಿದೆಯಲ್ಲ ಎಂದು ರಸ್ತೆ ಹಿಡಿದೆವು. ವಾಪಸ್ ಪೇಟೆ ದಾಟಿ, ಹೆದ್ದಾರಿ ಸೇರಿ, ಕೂಳೂರು ಸೇತುವೆ ದಾಟಿ, ಕಾರ್ಖಾನೆಗಳ ಬದಿಯಿಂದ ಮತ್ತೆ ದಕ್ಷಿಣಕ್ಕೆ. ಲಾರಿಗಳ ನಡುವೆ ಮುಕ್ಕಾಲು ಗಂಟೆ ಹಿಡಿಯಿತು. ದಾರಿ ಕೇಳಿದಾಗ ಅಂಗಡಿಯವರೊಬ್ಬರು ನಕ್ಕರು: "ನೀವು ಕಾರು ಅಲ್ಲೇ ಇಟ್ಟು ದೋಣಿಯಲ್ಲಿ ಬರುವುದಲ್ವಾ ಮಾರಾಯ್ರೇ!"

ಆ ಮಾತಿನಲ್ಲೇ ಈ ಊರಿನ ಇತಿಹಾಸ ಇದೆ ಅನ್ನಿಸಿತು. ಮಂಗಳೂರು ನೀರಿಗೆ ಮುಖ ಮಾಡಿ ಬೆಳೆದ ಊರು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ, ಎರಡೂ ಸಮುದ್ರ ಸೇರುವಲ್ಲಿ ಹಳೇ ಬಂದರು. ಹನ್ನೆರಡನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಷಿಯಾ ಕಡೆಯಿಂದ ಬಂದು ಇಲ್ಲಿ ಹದಿನೇಳು ವರ್ಷ ಇದ್ದ. ಹಿತ್ತಾಳೆ ಪಾತ್ರೆ ಮಾಡಿಸುತ್ತಿದ್ದ. ಬೊಮ್ಮ ಎಂಬ ಇಲ್ಲಿಯ ಆಳು ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ. ಆ ಪತ್ರಗಳು ಈಜಿಪ್ಟಿನ ಕೈರೋದ ಹಳೇ ಯಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದವು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಬಂದ. ಊರನ್ನು ಮಂಜರೂರ್ ಎಂದು ಕರೆದ. ಪರ್ಷಿಯಾ, ಯೆಮನ್ ವ್ಯಾಪಾರಿಗಳು ಇಳಿಯುವ ಜಾಗ, ಮೆಣಸು ಶುಂಠಿ ಹೇರಳ ಎಂದು ಬರೆದ.

ಮೆಣಸು ಕಡಲಲ್ಲಿ ಬೆಳೆಯುವುದಿಲ್ಲ. ಘಟ್ಟದ ತೋಟಗಳಲ್ಲಿ ಬೆಳೆದವರು, ಎತ್ತಿನ ಮೇಲೆ ಹೇರಿ ಇಳಿಸಿದವರು ಹಳ್ಳಿಯ ಜನ. ಅವರ ಹೆಸರು ಯಾವ ಪ್ರವಾಸಿಯೂ ಬರೆಯಲಿಲ್ಲ. ಬೊಮ್ಮನ ಹೆಸರೊಂದು ಹೇಗೋ ಉಳಿಯಿತು.

ರಸ್ತೆ, ರೈಲು ಬಂದದ್ದು ಬಹಳ ತಡವಾಗಿ. 1907ರಲ್ಲಿ ರೈಲು ಬಂತು, ಆದರೆ ಅದು ಕೇರಳದ ಕಡೆಯಿಂದ ಮದ್ರಾಸಿಗೆ ಜೋಡಿಸುವ ರೈಲು. ಆಗ ಈ ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಹಾವೇರಿ ಮುಂಬೈ ಪ್ರಾಂತ್ಯದಲ್ಲಿ. ಭಾಷೆ ಒಂದೇ, ಸರ್ಕಾರ ಬೇರೆ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಸಿಪಿಸಿ, ಮಂಗಳೂರು–ಬಂಟ್ವಾಳ ನಡುವೆ ಬಸ್ ಓಡಿಸಿತು. 1951ರಲ್ಲಿ ಬಜ್ಪೆಯಲ್ಲಿ ವಿಮಾನ ಇಳಿಯಿತು. 1956ರಲ್ಲಷ್ಟೇ ಎರಡೂ ಊರು ಒಂದೇ ರಾಜ್ಯಕ್ಕೆ ಸೇರಿದವು. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಹಾಸನದಿಂದ ಘಟ್ಟ ಇಳಿದು ರೈಲು ಬಂದದ್ದು 1979ರಲ್ಲಿ. ಅಂದರೆ ಈ ಊರಿನಿಂದ ರೈಲಿನಲ್ಲಿ ಮದ್ರಾಸಿಗೆ ಹೋಗಬಹುದಾಗಿ 72 ವರ್ಷವಾದ ಮೇಲೆ ಹಾಸನಕ್ಕೆ ಹೋಗುವ ಹಾಗಾಯಿತು.

ಕಾಕಾ ತಣ್ಣೀರುಬಾವಿಯ ಮರಳಲ್ಲಿ ಕಾಲು ಚಾಚಿ ಕೂತರು. ಅಲೆ ಬಂದು ಪಾದ ಮುಟ್ಟಿದಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. ಮಾತಾಡಲಿಲ್ಲ.

ಜೆಪ್ಪುವಿನ ದಾರಿ

ಎರಡನೇ ದಿನ ಬೆಳಿಗ್ಗೆ ಹಂಚಿನ ಹುಡುಕಾಟ. ನೇತ್ರಾವತಿ ದಂಡೆಯ ಜೆಪ್ಪು, ಅಲ್ಲಿಂದ ಹೊಯ್ಗೆ ಬಜಾರ್.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಧರ್ಮ ಬದಲಿಸಿದವರನ್ನು ಅವರವರ ಜಾತಿ, ಮನೆತನ ಹೊರಹಾಕುತ್ತಿತ್ತು. ಜಮೀನು, ಕೆಲಸ ಎರಡೂ ಹೋಗುತ್ತಿದ್ದವು. ಅವರಿಗೆ ದುಡಿಮೆ ಬೇಕಿತ್ತು. ಮೊದಲು ಮುದ್ರಣ, ನೇಯ್ಗೆ. ಆಮೇಲೆ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ನದಿ ದಂಡೆಯ ಜೇಡಿಮಣ್ಣು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆವರೆಗೆ ಇಲ್ಲಿನ ಬಡವರ ಮನೆಗೆ ಹುಲ್ಲು, ತೆಂಗಿನ ಗರಿ. ಇದ್ದವರಿಗೆ ಕುಂಬಾರರ ಕೈಹಂಚು.

ಹೊಸ ಹಂಚಿನ ಗುಟ್ಟು ಅದರ ಅಚ್ಚಿನಲ್ಲಿದೆ. ಒಂದರ ಅಂಚಿನ ಕಾಲುವೆಯಲ್ಲಿ ಇನ್ನೊಂದರ ಏಣು ಕೂರುತ್ತದೆ. ಹಿಂದಿನ ಮೂಗು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿಗೆ ಜಾರುವುದಿಲ್ಲ, ಮಳೆ ಒಳಬರುವುದಿಲ್ಲ, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸುಟ್ಟಾಗ ಕೆಂಪಾಗುತ್ತದೆ. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ಹಡಗಿನಲ್ಲಿ ಹೋಗುತ್ತಿತ್ತು. ಮುಂಬೈಗೆ, ಆಚೆ ಪೂರ್ವ ಆಫ್ರಿಕಾಕ್ಕೆ. ಬೇಗನೆ ಊರಿನ ಉದ್ಯಮಿಗಳೂ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ನರಿದ್ದ ಮಿಷನ್ನಿನ ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು.

ಕಾಕಾನ ಹಂಚಿನ ಮೇಲಿದ್ದ 1865 ಆ ಹಂಚು ಸುಟ್ಟ ವರ್ಷವಲ್ಲ. ಕಾರ್ಖಾನೆ ಹುಟ್ಟಿದ ವರ್ಷ. ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಪ್ಪಗಾಯಿತು. ಅಷ್ಟು ಹಳೇದು ಎಂದುಕೊಂಡಿದ್ದರು.

ಈಗ ಬಹುಪಾಲು ಕಾರ್ಖಾನೆ ಮುಚ್ಚಿವೆ. ಸ್ಲ್ಯಾಬ್ ಅಗ್ಗವೆಂದು ಜನ ಅತ್ತ ಹೋದರು. ಮಣ್ಣು ತೆಗೆಯಲು ನಿರ್ಬಂಧ, ಸೌದೆಗೆ ದುಬಾರಿ, ಕೆಲಸಕ್ಕೆ ಜನ ಕಡಿಮೆ. ಬೀಗ ಬಿದ್ದ ಒಂದು ಗೇಟಿನ ಮುಂದೆ ಕಾರು ನಿಲ್ಲಿಸಿದೆವು. ಒಳಗೆ ಪೊದೆ, ಅದರ ಮೇಲೆ ಹೊಗೆಗೊಳವೆಯ ತುದಿ.

ಎದುರಿನ ಗೂಡಂಗಡಿಯಲ್ಲಿ ವಯಸ್ಸಾದ ಅಮ್ಮ ಕೂತಿದ್ದರು. ನಾವು ವಿಚಾರಿಸಿದಾಗ, "ನಾನು ಇಂಥದ್ದರಲ್ಲೇ ಇಪ್ಪತ್ತೆಂಟು ವರ್ಷ ದುಡಿದದ್ದು. ಹಸಿ ಹಂಚು ಹೊತ್ತು ಒಣಗಲಿಕ್ಕೆ ಇಡುವುದು" ಅಂದರು. ತಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಹಂಚು. ಹಸಿಯಾಗಿದ್ದಾಗ ಸ್ವಲ್ಪ ಬಾಗಿದರೂ ಸುಟ್ಟ ಮೇಲೆ ಸೊಟ್ಟ. ಆಗ ಮೇಸ್ತ್ರಿ ಬೈಗುಳ.

ಕಾಕಾ ಮುಂದೆ ಬಂದು ಹೇಳಿದರು: "ಸೊಟ್ಟ ಹಂಚು ನಮಗೂ ಬರ್ತಿದ್ದೂ ಅಮ್ಮಾ. ನಾವೂ ಬೈತಿದ್ವಿ. ಯಾರು ಮಾಡ್ಯಾರೋ ಅಂತ."

ಆ ಅಮ್ಮ ನಕ್ಕೇ ನಕ್ಕರು. "ನಾವೇ ಮಾರಾಯ್ರೇ!"

ಅವರ ಕನ್ನಡ ಇವರಿಗೆ ಅರ್ಧ, ಇವರದು ಅವರಿಗೆ ಅರ್ಧ. ಆದರೂ ಅರ್ಧ ಗಂಟೆ ಹಂಚಿನ ಮಾತೇ ನಡೆಯಿತು. ಯಾವ ಸದ್ದು ಬಂದರೆ ಚೆನ್ನಾಗಿ ಬೆಂದಿದೆ, ಮೂಲೆ ಹಂಚು ಹೇಗೆ ಕೂರಿಸುವುದು, ಮಂಗ ಕುಣಿದರೆ ಎಷ್ಟು ಒಡೆಯುತ್ತವೆ. ಏಳುವಾಗ ಅಮ್ಮ ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಪುಸ್ತಕದಲ್ಲಿ ಪ್ಲೆಬ್‌ಸ್ಟ್ ಅವರ ಹೆಸರಿದೆ, ಇರಬೇಕಾದದ್ದೇ. ಹೊತ್ತವರ ಹೆಸರು, ಹೊದಿಸಿದವರ ಹೆಸರು ಹಂಚಿನ ಮೇಲೆ ಇಲ್ಲ.

ವಾಪಸ್

ಸಂಜೆ ಕಾರು ಒಪ್ಪಿಸುವಾಗ ಏಜೆನ್ಸಿಯ ಹುಡುಗ ಹಿಂದಿನ ಬಂಪರ್ ತೋರಿಸಿ ಗೀರು ನಿಮ್ಮದೇ ಎಂದ. ಡಿಪಾಸಿಟ್‌ನಲ್ಲಿ ಎರಡು ಸಾವಿರ ಹಿಡಿಯುವ ಮಾತಾಡಿದ. ಮೊದಲ ದಿನದ ವಿಡಿಯೋ ತೋರಿಸಿದೆವು. ಪೂರ್ತಿ ದುಡ್ಡು ಬಂತು. ಕಾಕಾಗೆ ಈ ಪ್ರಸಂಗ ಬಹಳ ಹಿಡಿಸಿತು. "ಬರದಿಟ್ಟಿದ್ದು, ತಗದಿಟ್ಟಿದ್ದು ಇದ್ರ ಯಾವಾನೂ ಮೋಸ ಮಾಡಾಕಾಗಂಗಿಲ್ಲ" ಅಂದರು. ನಮ್ಮ ಡಿಪ್ಲೊಮಾ ಎರಡು ವರ್ಷದಲ್ಲಿ ಇದನ್ನೇ ಕಲಿಸಿತ್ತು.

ಊರಿಗೆ ಬಂದ ಮೇಲೆ ಮನೆಯ ಮಾತು ಮತ್ತೆ ಎದ್ದಿತು. ಗೆಳೆಯನಿಗೆ ಇಬ್ಬರು ಮಕ್ಕಳು, ಜಾಗ ಸಾಲದು, ಮಣ್ಣಿನ ಗೋಡೆ ಒಂದು ಕಡೆ ಬಾಗಿದೆ. ಕೆಡವಬೇಡ ಎಂದು ಹೇಳುವುದು ನಮಗೆ ಸುಲಭ, ಮಳೆಗಾಲದಲ್ಲಿ ಅಲ್ಲಿ ಮಲಗುವವರು ನಾವಲ್ಲ. ಕೊನೆಗೆ ಹಿಂದಿನ ಎರಡು ಕೋಣೆಗೆ ಸ್ಲ್ಯಾಬ್, ಮುಂದಿನ ಪಡಸಾಲೆಗೆ ಗೋಡೆ ಸರಿಪಡಿಸಿ ಹಳೇ ಹಂಚೇ ಎಂದಾಯಿತು. ಕೊಟ್ಟಿಗೆಯಿಂದ ಇಳಿಸಿದ ಹಂಚುಗಳಲ್ಲಿ ಗಟ್ಟಿಯಿದ್ದವನ್ನು ಕಾಕಾ ಒಂದೊಂದಾಗಿ ಬೆರಳಿನಿಂದ ಬಡಿದು, ಸದ್ದು ಕೇಳಿ, ಬೇರೆ ಇಟ್ಟಿದ್ದಾರೆ. ಪಡಸಾಲೆಯಲ್ಲಿ ಒಡೆದಿರುವ ಕಡೆ ಅವೇ ಕೂರುತ್ತವೆ. ಮೊಣಕಾಲು ನೋವಿದ್ದರೂ ಏಣಿ ತಾನೇ ಹತ್ತುತ್ತೇನೆ ಎಂಬ ಹಟ.

ನಿಮ್ಮ ಮನೆ, ಕೊಟ್ಟಿಗೆ, ಹಳೇ ಶಾಲೆಯ ಮಾಡಿನ ಒಳಗೊಮ್ಮೆ ನೋಡಿ. ಅಕ್ಷರ ಕಂಡರೆ ಫೋಟೋ ತೆಗೆಯಿರಿ. ಅದನ್ನು ಹೊದಿಸಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ, ಆ ಹೆಸರನ್ನೂ ಜೊತೆಗೆ ಬರೆದಿಡಿ.